ಕಲ್ಲು ಓದಿ, ಡಬ್ಬಿಯನ್ನು ಬೇರೆಡೆ ಹುಡುಕಿ: ಕೋಲಾರ ಸೀಮೆಯ ವೀರಗಲ್ಲುಗಳ ನಡುವೆ ಜಿಯೋಕ್ಯಾಶಿಂಗ್

ಕೋಲಾರ, ಮುಳಬಾಗಿಲು, ಚಿಂತಾಮಣಿ ಕಡೆಯ ಹಳ್ಳಿಗಳಿಗೆ ಜಿಯೋಕ್ಯಾಶಿಂಗ್ (ಯಾರೋ ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ನೆರವಿನಿಂದ ಹುಡುಕುವ ಆಟ) ಎಂದು ಹೊರಡುವವರು ಮೊದಲು ಒಂದು ಪದವನ್ನು ಮನೆಯಲ್ಲೇ ಬಿಟ್ಟು ಬರಬೇಕು: ನಿಧಿ. ಈ ಆಟವನ್ನು ಕನ್ನಡದಲ್ಲಿ 'ನಿಧಿಬೇಟೆ' ಎಂದು ಕರೆಯುವವರಿದ್ದಾರೆ. ಬೇರೆ ಕಡೆ ಅದು ನಡೆದೀತು, ಇಲ್ಲಿ ನಡೆಯುವುದಿಲ್ಲ. ನಿಧಿಯ ಆಸೆಗೆ ವೀರಗಲ್ಲನ್ನು ಬುಡಮೇಲು ಮಾಡಿದ, ಹಾಳುಗುಡಿಯ ಲಿಂಗ ಕಿತ್ತ, ನಂದಿಯ ಬೆನ್ನು ಒಡೆದ ಕಳ್ಳರನ್ನು ಈ ಸೀಮೆ ಬೇಕಾದಷ್ಟು ಕಂಡಿದೆ. ಫೋನ್ ಹಿಡಿದು ಕಲ್ಲಿನ ಸುತ್ತ ತಿರುಗುತ್ತ, ಪೊದೆ ಸರಿಸಿ ಬಂಡೆಯ ಸಂದಿಗೆ ಕೈ ಹಾಕುವ ಹೊಸಬರನ್ನು ಕಂಡರೆ ಊರವರಿಗೆ ಬರುವ ಮೊದಲ ಅನುಮಾನ ಅದೇ. ಆ ಅನುಮಾನ ನ್ಯಾಯವಾದದ್ದೂ ಹೌದು. "ಏನ್ ಸ್ವಾಮಿ, ಏನ್ ಹುಡುಕ್ತಾ ಇದ್ದೀರ?" ಎಂದು ಯಾರಾದರೂ ಕೇಳಿದಾಗ "ನಿಧಿ" ಎಂದು ನಗುತ್ತ ಹೇಳಿದರೂ ಸಾಕು, ಅರ್ಧ ಗಂಟೆಯಲ್ಲಿ ಊರು ಸೇರುತ್ತದೆ. 'ಡಬ್ಬಿ ಹುಡುಕೋ ಆಟ' ಎನ್ನಿ. ಫೋನಿನ ನಕ್ಷೆ ತೋರಿಸಿ. ಒಳಗೆ ಪುಸ್ತಕ, ಪೆನ್ಸಿಲ್ ಬಿಟ್ಟು ಏನೂ ಇಲ್ಲವೆಂದು ಹೇಳಿ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. 2000ದ ಮೇ ಮೊದಲ ವಾರದವರೆಗೆ ಅಮೆರಿಕ ಸರ್ಕಾರ ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸುತ್ತಿತ್ತು. ಸ್ಥಾನದಲ್ಲಿ 100 ಮೀಟರ್‌ವರೆಗೂ ತಪ್ಪು ಬರುತ್ತಿತ್ತು. ಅದನ್ನು ನಿಲ್ಲಿಸಿದ ಮರುದಿನವೇ, ಮೇ 3ರಂದು, ಡೇವ್ ಅಲ್ಮರ್ ಎಂಬವರು ಒರೆಗಾನ್ ರಾಜ್ಯದ ಬೀವರ್‌ಕ್ರೀಕ್ ಬಳಿ ಒಂದು ಬಕೆಟ್ಟನ್ನು ಅರ್ಧ ಹೂತಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಅಂತರಜಾಲದಲ್ಲಿ ಹಾಕಿದರು. ಹುಡುಕಿದವರು ಒಳಗಿನ ಪುಸ್ತಕದಲ್ಲಿ ಹೆಸರು ಬರೆಯಬೇಕು, ಡಬ್ಬಿಯನ್ನು ಇದ್ದಲ್ಲೇ ಇಡಬೇಕು. ಆಟ ಇವತ್ತಿಗೂ ಇಷ್ಟೇ. ಬದಲಾದದ್ದು ಒಂದು: ಡಬ್ಬಿಗಾಗಿ ನೆಲ ಅಗೆಯುವುದು ಈಗ ನಿಷಿದ್ಧ. ನಮ್ಮ ಸೀಮೆಯ ಮಟ್ಟಿಗೆ ಇದಕ್ಕಿಂತ ಒಳ್ಳೆಯ ನಿಯಮ ಇನ್ನೊಂದಿಲ್ಲ. ಗುದ್ದಲಿ, ಪಿಕಾಸಿ, ಕೈತೋಟದ ಕುರ್ಪಿ, ಯಾವುದೂ ಚೀಲದಲ್ಲಿ ಇರಕೂಡದು.

ಯುದ್ಧ ಸ್ಮಾರಕ ಎಂದರೆ ಇಲ್ಲಿ ಯಾವುದು

ಪಟ್ಟಣದ ವೃತ್ತದಲ್ಲಿ ನಿಂತ ಕಂಬವೊಂದೇ ಯುದ್ಧ ಸ್ಮಾರಕವಲ್ಲ. ಗಂಗರು, ಬಾಣರು, ನೊಳಂಬರು ಈ ನೆಲಕ್ಕಾಗಿ ಬಡಿದಾಡಿದ ಕಾಲದಿಂದ ಊರೂರಲ್ಲಿ ನಿಂತಿರುವ ವೀರಗಲ್ಲುಗಳು ನಮ್ಮ ಮೊದಲ ಯುದ್ಧ ಸ್ಮಾರಕಗಳು. ಗಡಿ ಕಾಳಗದಲ್ಲಿ, ಊರಳಿವಿನಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ತುರುಗೊಳಿನಲ್ಲಿ, ಅಂದರೆ ದನ ಹೊಡೆದುಕೊಂಡು ಹೋದವರನ್ನು ಬೆನ್ನಟ್ಟಿ ಸತ್ತವರ ನೆನಪು ಅವು. ಸತ್ತವನ ಮನೆಯವರಿಗೆ ಕೊಟ್ಟ ಭೂಮಿಗೆ ನೆತ್ತರುಕೊಡಗೆ ಎಂಬ ಹೆಸರೂ ಇತ್ತು.

ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮೂರು ಪಟ್ಟಿಕೆಯ ಕಲ್ಲಾದರೆ ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ, ನೆತ್ತಿಯಲ್ಲಿ ಸೂರ್ಯ ಚಂದ್ರ. ಹಳೆಯ ಕಾಲದ ಕಲ್ಲುಗಳು ಹಲವು ಒಂದೇ ಪಟ್ಟಿಕೆಯವು. ವೀರನ ದೊಡ್ಡ ಆಕೃತಿ, ಅದರ ಸುತ್ತ ಅಥವಾ ಮೇಲೆ ಬರಹ. ಪಕ್ಕದಲ್ಲಿ ಬಳೆ ತೊಟ್ಟ ಕೈಯೊಂದು ಮೇಲೆದ್ದಿರುವ ಕಲ್ಲಿದ್ದರೆ ಅದು ಮಾಸ್ತಿಗಲ್ಲು, ಸಹಗಮನ ಮಾಡಿದ ಹೆಂಡತಿಯದು. ಎರಡೂ ಒಂದೇ ಕಲ್ಲಿನಲ್ಲಿ ಇರುವುದೂ ಉಂಟು.

ಜಿಯೋಕ್ಯಾಶ್, ಅಂದರೆ ಡಬ್ಬಿ, ಇಡುವವರು ಬಹುಪಾಲು ಎಡವುವುದು ಇಲ್ಲಿ. ಕಲ್ಲು ಚೆನ್ನಾಗಿದೆ, ಹಿಂದೆ ಸಂದಿಯಿದೆ, ಡಬ್ಬಿ ಅಲ್ಲಿಗೆ ಸರಿ ಎಂದುಕೊಳ್ಳುತ್ತಾರೆ. ಸ್ಮಾರಕದ ಮೇಲೆ, ಬುಡದಲ್ಲಿ, ಹಿಂದೆ, ಕಟ್ಟೆಯ ಸಂದಿಯಲ್ಲಿ ಡಬ್ಬಿ ಇಡಲೇಬೇಡಿ. ಹುಡುಕುವವರಲ್ಲಿ ಹತ್ತಕ್ಕೊಬ್ಬರಾದರೂ ಕಲ್ಲನ್ನು ಅಲ್ಲಾಡಿಸಿ ನೋಡುತ್ತಾರೆ. ಹಲವು ವೀರಗಲ್ಲುಗಳು ಒಂದಡಿ ಆಳಕ್ಕಷ್ಟೇ ನೆಟ್ಟು ನಿಂತವು, ಮಣ್ಣು ತೊಳೆದುಹೋದಮೇಲೆ ವಾಲಿದವು. ಇನ್ನು ಊರವರಿಗೆ ಅದು ಪ್ರಾಚ್ಯವಸ್ತುವಲ್ಲ, ದೇವರು. ಎಣ್ಣೆ, ಅರಿಸಿನ, ಕುಂಕುಮ, ವರ್ಷಕ್ಕೊಮ್ಮೆ ಪೂಜೆ ಕಾಣುವ ಕಲ್ಲು. ಪಟ್ಟಣದ ಸ್ಮಾರಕದಲ್ಲಾದರೆ ಕಾರಣ ಬೇರೆ: ವಾರಸುದಾರರಿಲ್ಲದ ಡಬ್ಬಿ ಕಂಡರೆ ಪೊಲೀಸರು ಬರುತ್ತಾರೆ, ಬರಬೇಕಾದದ್ದೇ.

ಹಾಗಾಗಿ ಸ್ಮಾರಕಕ್ಕೆ ಹೊಂದುವ ಬಗೆ ಒಂದೇ, ಮಲ್ಟಿ ಕ್ಯಾಶ್. ಮೊದಲ ನೆಲೆಯಲ್ಲಿ ಡಬ್ಬಿಯಿಲ್ಲ. ಅಲ್ಲಿ ಕಲ್ಲನ್ನು ನೋಡಿ ಕೆಲವು ಸಂಖ್ಯೆ ಎಣಿಸಿಕೊಳ್ಳಬೇಕು. ಆ ಸಂಖ್ಯೆಗಳು ಕೂಡಿ ಡಬ್ಬಿಯ ಸ್ಥಾನ ಹೇಳುತ್ತವೆ. ಡಬ್ಬಿ ಇರುವುದು ಕಲ್ಲಿಗೆ ಕಾಣದಷ್ಟು ದೂರದಲ್ಲಿ. ಬಂದವರು ಕಲ್ಲಿನ ಮುಂದೆ ಹತ್ತು ನಿಮಿಷ ನಿಂತು ನೋಡಲೇಬೇಕಾಗುತ್ತದೆ, ಕಲ್ಲನ್ನು ಮುಟ್ಟುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಡಬ್ಬಿಯೇ ಇಲ್ಲದ ವರ್ಚುವಲ್ ಬಗೆ ಚೆನ್ನಾಗಿತ್ತು, ಆದರೆ 2005ರಿಂದ ಅದನ್ನು ಯಾರು ಬೇಕಾದರೂ ಹೊಸದಾಗಿ ಇಡುವಂತಿಲ್ಲ. ಡಬ್ಬಿಯಿಲ್ಲದೆ ಆ್ಯಪಿನಲ್ಲೇ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋಗುವ ಅಡ್ವೆಂಚರ್ ಲ್ಯಾಬ್ ಇದೆ, ಅದನ್ನು ಕಟ್ಟುವ ಅವಕಾಶವೂ ಎಲ್ಲರಿಗೆ ಸಿಗುವುದಿಲ್ಲ.

ಕಲ್ಲು ಗೊತ್ತುಮಾಡುವುದು, ಒಪ್ಪಿಗೆ ಪಡೆಯುವುದು

ಊರಿನ ಕಲ್ಲು ಹುಡುಕಲು ಬಿ.ಎಲ್. ರೈಸ್ ಸಂಪಾದಿಸಿದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದಷ್ಟು ನೆರವು ಬೇರಾವುದೂ ಆಗದು. ಕೋಲಾರ ಜಿಲ್ಲೆಯದು 10ನೆಯ ಸಂಪುಟ, 1905ರದು. ತುಮಕೂರಿನದು 12ನೆಯದು, 1904ರದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ, ಆದ್ದರಿಂದ ಬಾಗೇಪಲ್ಲಿ, ಗೌರಿಬಿದನೂರು, ಶಿಡ್ಲಘಟ್ಟದ ಕಲ್ಲುಗಳನ್ನೂ ಕೋಲಾರದ ಸಂಪುಟದಲ್ಲೇ ನೋಡಬೇಕು. ತಾಲ್ಲೂಕುವಾರು ಸಂಖ್ಯೆ, ಊರಿನ ಹೆಸರು, ಕಲ್ಲು ಊರಿನ ಯಾವ ದಿಕ್ಕಿಗಿದೆ ಎಂಬುದು ಅಲ್ಲಿವೆ. ನೂರು ವರ್ಷದ ಹಿಂದಿನ ಗುರುತು ಅದು, 'ಊರ ಮುಂದಿನ ಹೊಲ' ಈಗ ಬಡಾವಣೆಯಾಗಿರಬಹುದು. ಪುಸ್ತಕ ನೋಡಿ ಹೋಗಿ, ಊರಲ್ಲಿ ಕೇಳಿ.

ಕೋಲಾರದ ಸೋಮೇಶ್ವರ, ಕೋಲಾರಮ್ಮನ ಗುಡಿ, ನಂದಿಯ ಭೋಗನಂದೀಶ್ವರ ಇಂಥ ಕೇಂದ್ರ ಸಂರಕ್ಷಿತ ಜಾಗಗಳ ಆವರಣದ ಒಳಗೆ ಏನೂ ಬೇಡ. ಇಂಥ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ. ಕಾನೂನು ಹೇಳುವುದು ಕಟ್ಟಡ, ಗಣಿಗಾರಿಕೆಯ ಮಾತು. ಆದರೂ ಡಬ್ಬಿಯನ್ನು 300 ಮೀಟರ್ ಆಚೆಗೇ ಇಡುವುದು ಲೇಸು, ಯಾರೊಂದಿಗೂ ವಾದ ಬೆಳೆಸಬೇಕಾಗಿಲ್ಲ.

ಡಬ್ಬಿ ಇಡುವ ಜಾಗ ಯಾರದು ಎಂದು ತಿಳಿಯಲು ಸರ್ಕಾರದ ದಿಶಾಂಕ್ ಆ್ಯಪ್ ಸಾಕು. ಜಾಗದ ಮೇಲೆ ನಿಂತು ತೆರೆದರೆ ಸರ್ವೆ ನಂಬರ್ ತೋರಿಸುತ್ತದೆ. ಆ ನಂಬರಿನ ಪಹಣಿಯನ್ನು ಭೂಮಿ ತಾಣದಲ್ಲಿ ನೋಡಿದರೆ ಖಾಸಗಿಯೋ, ಗೋಮಾಳವೋ, ಕೆರೆ ಅಂಗಳವೋ, ಅರಣ್ಯವೋ ಗೊತ್ತಾಗುತ್ತದೆ. ಗಡಿಯ ಹತ್ತಿರ ನಿಂತಿದ್ದರೆ ಜಿಪಿಎಸ್ ತಪ್ಪಿನಿಂದ ಪಕ್ಕದ ನಂಬರ್ ತೋರಿಸೀತು, ಇಪ್ಪತ್ತು ಹೆಜ್ಜೆ ಒಳಗೆ ಹೋಗಿ ಮತ್ತೆ ನೋಡಿ. ಖಾಸಗಿಯಾದರೆ ಜಮೀನಿನವರ ಮಾತು ಬೇಕು. ಸರ್ಕಾರಿಯಾದರೆ ಗ್ರಾಮ ಪಂಚಾಯಿತಿ ಪಿಡಿಓ ಅವರಿಗೆ ಒಂದು ಪುಟದ ಪತ್ರ, ಎರಡು ಪ್ರತಿ. ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿ ಇಟ್ಟುಕೊಳ್ಳಿ. ಡಬ್ಬಿಯ ಫೋಟೋ, ಜಾಗದ ಫೋಟೋ, ನಿಮ್ಮ ಫೋನ್ ನಂಬರ್ ಪತ್ರದಲ್ಲಿರಲಿ. ಅದರ ನಕಲನ್ನು ಠಾಣೆಯ ಬೀಟ್ ಪೊಲೀಸರಿಗೂ ಕೊಡಿ. ಮೊಹರಿಗಿಂತ ಹೆಚ್ಚು ಕೆಲಸಕ್ಕೆ ಬರುವುದು ಕಲ್ಲಿನ ಎದುರು ಮನೆಯವರ ಪರಿಚಯ. ಕಲ್ಲಿಗೆ ಪೂಜೆ ಮಾಡುವ ಮನೆಯ ಹಿರಿಯರನ್ನು ಕಂಡು, "ತಾತ, ಕಲ್ಲು ಮುಟ್ಟೋದಿಲ್ಲ, ನೋಡಿ ಎಣಿಸ್ಕೊಂಡು ಹೋಗ್ತಾರೆ ಅಷ್ಟೇ" ಎಂದು ಹೇಳಿ ಒಪ್ಪಿಸಿ. ಮುಂದೆ ಬರುವವರಿಗೆ ದಾರಿ ತೋರಿಸುವವರು ಅವರೇ. ಅವರು ಬೇಡವೆಂದರೆ ಬೇಡ. ಬೇರೆ ಊರಿಗೆ ನಡೆಯಿರಿ.

ಪ್ರತಿ ಡಬ್ಬಿಗೂ ಒಂದು ಪುಟವಿರುವ ಜಿಯೋಕ್ಯಾಶಿಂಗ್ ವೆಬ್‌ಸೈಟಿನ ನಿಯಮಗಳಲ್ಲಿ ನಮಗೆ ಹೆಚ್ಚು ತಾಗುವವು: ಇನ್ನೊಬ್ಬರ ಡಬ್ಬಿಯಿಂದ 161 ಮೀಟರ್ ಅಂತರ, ರೈಲು ಹಳಿಯಿಂದ 46 ಮೀಟರ್, ಶಾಲೆಯ ಆವರಣ ಬೇಡ, ಸೇನಾ ನೆಲೆ ಬೇಡ. ಇಟ್ಟವರೇ ನೋಡಿಕೊಳ್ಳಬೇಕು. ಬೆಂಗಳೂರಿನಿಂದ ಒಂದು ಭಾನುವಾರ ಬಂದು ಇಟ್ಟು ಮತ್ತೆ ಬಾರದವರ ಡಬ್ಬಿಗಳು ಕೊನೆಗೆ ಕಸವೇ.

ಏನನ್ನು ಎಣಿಸಲು ಹೇಳಬೇಕು

ಇಡೀ ಕೆಲಸದ ಜೀವ ಇದರಲ್ಲಿದೆ. ಪ್ರಶ್ನೆ ಚೆನ್ನಾಗಿದ್ದರೆ ಬಂದವರು ಕಲ್ಲನ್ನು ಓದುತ್ತಾರೆ, ಕೆಟ್ಟದಾಗಿದ್ದರೆ ಕಲ್ಲಿಗೆ ಬೆನ್ನು ಹಾಕಿ ಇಟ್ಟವರಿಗೆ ಫೋನ್ ಮಾಡುತ್ತಾರೆ.

ಬದಲಾಗುವುದನ್ನು ಕೇಳಬೇಡಿ. ಸುತ್ತ ಎಷ್ಟು ಮರ, ಎಷ್ಟು ದೀಪದ ಕಂಬ, ಎಷ್ಟು ಮೆಟ್ಟಿಲು ಎಂದರೆ ಮುಂದಿನ ಜಾತ್ರೆಗೆ ಉತ್ತರ ಬದಲು. ಫಲಕದ ಮೇಲಿನ ಬಣ್ಣದ ಬರಹವೂ ಹಾಗೆಯೇ. ಸುಣ್ಣ ಬಳಿದಾಗ ಹೋಗುತ್ತದೆ, ಮತ್ತೆ ಬರೆಸಿದಾಗ ಹೆಸರು ಹೆಚ್ಚುಕಡಿಮೆಯಾಗುತ್ತದೆ. ಕಲ್ಲಿನಲ್ಲಿ ಕೊರೆದದ್ದನ್ನೇ ಕೇಳಿ.

ಅಕ್ಷರ ಎಣಿಸಲು ಹೇಳುವುದು ಇಂಗ್ಲಿಷ್ ಫಲಕಗಳಿಗೆ ಸರಿ, ಕನ್ನಡಕ್ಕೆ ಒಗ್ಗುವುದಿಲ್ಲ. 'ಕೃಷ್ಣಪ್ಪ' ಎಂಬ ಹೆಸರಿಗೆ ಒಬ್ಬರು ಮೂರು ಎನ್ನುತ್ತಾರೆ, ಒತ್ತನ್ನು ಬೇರೆಯಾಗಿ ಎಣಿಸುವವರು ಐದು ಎನ್ನುತ್ತಾರೆ, ಇಬ್ಬರದೂ ಸರಿಯೇ. ಹಳಗನ್ನಡ ಲಿಪಿಯಲ್ಲಂತೂ ಕೇಳುವುದೇ ಬೇಡ. ಶಕ ವರ್ಷವನ್ನು ಕ್ರಿಸ್ತಶಕಕ್ಕೆ ತಿರುಗಿಸಿ ಎನ್ನುವುದೂ ತೊಡಕು. 78 ಕೂಡಿಸಬೇಕೆಂದು ಎಲ್ಲರಿಗೂ ಗೊತ್ತು, ಆದರೆ ಕಳೆದ ವರ್ಷವೋ ನಡೆಯುವ ವರ್ಷವೋ ಎಂಬುದರ ಮೇಲೆ, ತಿಂಗಳ ಮೇಲೆ ಒಂದು ವರ್ಷ ಆಚೀಚೆ ಆಗುತ್ತದೆ.

ಎಣಿಸಲು ತಕ್ಕವು: ಪಟ್ಟಿಕೆಗಳು, ಅಪ್ಸರೆಯರು, ಲಿಂಗ, ದನಗಳು, ಎದುರಾಳಿಗಳು, ವೀರನ ಮೈಗೆ ನಾಟಿದ ಬಾಣಗಳು. ಇವೆಲ್ಲ ಒಂದೇ ಮಟ್ಟದ ಖಚಿತ ಅಲ್ಲ. ಪಟ್ಟಿಕೆ ಮೂರು ಎಂದರೆ ಮೂರೇ. ದನಗಳಲ್ಲಿ ಒಂದು ಸವೆದು ಬರೀ ಕೊಂಬು ಉಳಿದಿರಬಹುದು. ಕೆಲವರು ಎಣಿಸುತ್ತಾರೆ, ಕೆಲವರು ಬಿಡುತ್ತಾರೆ. ಈ ವ್ಯತ್ಯಾಸವನ್ನು ಸೂತ್ರದಲ್ಲೇ ನುಂಗಿಸಿಬಿಡಬಹುದು. ಜಿಯೋಕ್ಯಾಶಿಂಗ್‌ನಲ್ಲಿ ಸ್ಥಾನ ಬರೆಯುವುದು ಡಿಗ್ರಿ, ಮಿನಿಟು, ಮಿನಿಟಿನ ಮೂರು ದಶಮಾಂಶ. ನಮ್ಮ ಅಕ್ಷಾಂಶದಲ್ಲಿ ಕೊನೆಯ ಅಂಕಿ ಒಂದು ಏರಿದರೆ ಉತ್ತರಕ್ಕೆ 1.84 ಮೀಟರ್, ಪೂರ್ವಕ್ಕೆ 1.81 ಮೀಟರ್. ನಡುವಿನ ಅಂಕಿ ಒಂದು ಏರಿದರೆ ಸುಮಾರು 18 ಮೀಟರ್, ಮೊದಲನೆಯದು ಏರಿದರೆ ಸುಮಾರು 180 ಮೀಟರ್. ಅಂದಮೇಲೆ ಖಚಿತವಾದ ಎಣಿಕೆ ಮೊದಲ ಅಂಕಿಗೆ, ಅನುಮಾನದ್ದು ಕೊನೆಯ ಅಂಕಿಗೆ.

ಒಂದು ಮಾದರಿ ನೋಡಿ. ಪಟ್ಟಿಕೆ 3, ಅಪ್ಸರೆಯರು 2, ದನ 4, ಲಿಂಗ 1. ಉತ್ತರದ ಮೂರು ದಶಮಾಂಶ: ಪಟ್ಟಿಕೆ, ಅಪ್ಸರೆ, ದನ, ಅಂದರೆ 324. ಪೂರ್ವದವು: ಪಟ್ಟಿಕೆ ಮತ್ತು ಅಪ್ಸರೆ ಕೂಡಿ 5, ಅಪ್ಸರೆ ಮತ್ತು ಲಿಂಗ ಕೂಡಿ 3, ದನಕ್ಕೆ ಒಂದು ಕೂಡಿ 5, ಅಂದರೆ 535. ಉತ್ತರ 13° 08.324, ಪೂರ್ವ 078° 07.535. (ಅಂಕಿ ಮಾದರಿಗಷ್ಟೇ, ಅಲ್ಲಿಗೆ ಹುಡುಕಿಕೊಂಡು ಹೋಗಬೇಡಿ.) ದನವನ್ನು ಐದು ಎಂದು ಎಣಿಸಿದರೂ ತಪ್ಪು ಎರಡೂವರೆ ಮೀಟರ್ ಚಿಲ್ಲರೆ, ಫೋನಿನ ತಪ್ಪೇ ಅದಕ್ಕಿಂತ ಹೆಚ್ಚು. ಅದೇ ದನದ ಎಣಿಕೆಯನ್ನು ಮೊದಲ ಅಂಕಿಗೆ ಇಟ್ಟಿದ್ದರೆ ಬಂದವರು ಕಾಲು ಕಿಲೋಮೀಟರ್ ಆಚೆ ಯಾರದೋ ಟೊಮೆಟೊ ತೋಟದಲ್ಲಿ ನಿಂತಿರುತ್ತಿದ್ದರು. ಕೊನೆಗೆ ತಾಳೆ ನೋಡಲು ಒಂದು ಮಾತು ಸೇರಿಸಿ: ನಾಲ್ಕೂ ಎಣಿಕೆ ಕೂಡಿದರೆ 10 ಬರಬೇಕು.

ದಿಕ್ಕು ಮತ್ತು ದೂರ ಕೊಟ್ಟು, ಕಲ್ಲಿನಿಂದ 240 ಡಿಗ್ರಿಗೆ 300 ಮೀಟರ್ ಹೋಗಿ ಎನ್ನುವ ಪದ್ಧತಿಯೂ ಇದೆ. ಫೋನಿನ ದಿಕ್ಸೂಚಿ ಐದು ಡಿಗ್ರಿ ತಪ್ಪಿದರೆ 300 ಮೀಟರಿಗೆ 26 ಮೀಟರ್ ತಪ್ಪುತ್ತದೆ. ಕಬ್ಬಿಣದ ಬೇಲಿ, ನಿಂತ ಟ್ರ್ಯಾಕ್ಟರ್ ಪಕ್ಕದಲ್ಲಿ ಇನ್ನೂ ಹೆಚ್ಚು. ಅಂಕಿಯ ಸೂತ್ರವೇ ವಾಸಿ.

ಸವೆದ ಕಲ್ಲನ್ನು ಓದುವುದಕ್ಕೆ ಬೆಳಕು ಓರೆಯಾಗಿ ಬೀಳಬೇಕು. ಬೆಳಿಗ್ಗೆ ಏಳರಿಂದ ಒಂಬತ್ತು, ಸಂಜೆ ನಾಲ್ಕೂವರೆಯ ಮೇಲೆ. ನಡುಹಗಲಲ್ಲಿ ನೆತ್ತಿಯ ಬಿಸಿಲಿಗೆ ಎಲ್ಲ ಚಪ್ಪಟೆಯಾಗಿ ಕಾಣುತ್ತದೆ. ನೆರಳಲ್ಲಿರುವ ಕಲ್ಲಾದರೆ ಕೈಕನ್ನಡಿಯಿಂದ ಬಿಸಿಲನ್ನು ಪಕ್ಕದಿಂದ ಬೀಳಿಸಿ, ಅಥವಾ ಟಾರ್ಚನ್ನು ಕಲ್ಲಿನ ಮಗ್ಗುಲಿಗೆ ತಾಗುವಂತೆ ಓರೆ ಹಿಡಿದು ಬೆಳಗಿಸಿ. ಸೀಮೆಸುಣ್ಣ, ರಂಗೋಲಿ ಪುಡಿ, ಮೈದಾ ಉಜ್ಜಬೇಡಿ, ಎಣ್ಣೆ ಹಚ್ಚಬೇಡಿ, ತಂತಿ ಬ್ರಷ್ಷಿನಿಂದ ತಿಕ್ಕಬೇಡಿ. ಸೀಮೆಸುಣ್ಣದಲ್ಲಿ ತಿದ್ದಿದ ಗೆರೆ ಮುಂದಿನವರ ಕಣ್ಣನ್ನೂ ತಪ್ಪು ದಾರಿಗೆ ಎಳೆಯುತ್ತದೆ, ಇಲ್ಲದ ದನ ಇದ್ದಂತೆ ಕಾಣುತ್ತದೆ.

ಸ್ಥಾನ ಅಳೆಯುವುದು

ಒಮ್ಮೆ ಫೋನ್ ನೋಡಿ ಬರೆದುಕೊಂಡ ಸ್ಥಾನ ಸಾಲದು. ಬಯಲಿನಲ್ಲಿ ಒಳ್ಳೆಯ ಫೋನು ಮೂರರಿಂದ ಐದು ಮೀಟರಿನೊಳಗೆ ಹೇಳುತ್ತದೆ. ಕೋಲಾರದ ದೊಡ್ಡ ಗುಂಡುಬಂಡೆಗಳ ನಡುವೆ, ದಟ್ಟ ಹುಣಸೆಮರದ ಕೆಳಗೆ ಸಂಕೇತ ಬಂಡೆಗೆ ಬಡಿದು ತಿರುಗಿ ಬರುವುದರಿಂದ ಹತ್ತು, ಇಪ್ಪತ್ತು ಮೀಟರ್ ಹಾರುತ್ತದೆ. ಡಬ್ಬಿಯ ಮೇಲೆ ಫೋನಿಟ್ಟು ಮೂರು ನಿಮಿಷ ಕದಲಿಸದೆ ಬಿಡಿ, ಆಮೇಲೆ ಓದಿ. ಅರ್ಧ ಅರ್ಧ ನಿಮಿಷಕ್ಕೆ ಒಂದರಂತೆ ಹತ್ತು ಓದು ಬರೆದು ಸರಾಸರಿ ತೆಗೆಯಿರಿ. ಬೇರೆ ಎರಡು ದಿನ, ಬೇರೆ ಹೊತ್ತಿನಲ್ಲಿ ಇದನ್ನೇ ಮಾಡಿ, ಮೂರರ ಸರಾಸರಿ ಹಿಡಿಯಿರಿ. ಕೊನೆಗೆ ನಾಲ್ಕು ದಿಕ್ಕಿನಿಂದ 50 ಮೀಟರ್ ದೂರದಿಂದ ಆ ಸ್ಥಾನಕ್ಕೆ ನಡೆದು ನೋಡಿ. ನಾಲ್ಕು ಸಲವೂ ಡಬ್ಬಿಯ ಐದಾರು ಮೀಟರಿನೊಳಗೆ ನಿಲ್ಲಿಸಿದರೆ ಸರಿ. ಉಪಗ್ರಹ ಚಿತ್ರದ ಮೇಲೆ ಬೆರಳೊತ್ತಿ ತೆಗೆದ ಸ್ಥಾನವನ್ನು ನಂಬಬೇಡಿ, ಚಿತ್ರವೇ ಕೆಲವು ಮೀಟರ್ ಸರಿದು ಕೂತಿರುತ್ತದೆ.

ಅತಿ ಹೆಚ್ಚು ನಡೆಯುವ ತಪ್ಪು ಸ್ಥಾನ ಬರೆಯುವ ಮಾದರಿಯದು. ಮ್ಯಾಪ್ ಆ್ಯಪ್ 13.1375 ಎಂದು ಡಿಗ್ರಿಯ ದಶಮಾಂಶ ತೋರಿಸುತ್ತದೆ. ದಶಮಾಂಶ ಭಾಗವನ್ನು 60ರಿಂದ ಗುಣಿಸಿದರೆ 8.25, ಅಂದರೆ 13° 08.250. ಇದನ್ನು ಗಮನಿಸದೆ 13.08250 ಎಂದು ಮ್ಯಾಪಿಗೆ ಹಾಕಿದರೆ ಆರು ಕಿಲೋಮೀಟರ್ ತೆಂಕಲಿಗೆ ಹೋಗಿ ನಿಲ್ಲುತ್ತೀರಿ.

ಡಬ್ಬಿ ಮತ್ತು ಅದರ ಜಾಗ

ವಿದೇಶದವರು ಮೆಚ್ಚುವ ಸೇನೆಯ ಹಳೆಯ ಮದ್ದುಗುಂಡಿನ ಪೆಟ್ಟಿಗೆ ಇಲ್ಲಿ ಬೇಡವೇ ಬೇಡ. ಸ್ಟೀಲಿನ ಟಿಫನ್ ಡಬ್ಬಿಯೂ ಬೇಡ, ಟೇಪು ಸುತ್ತಿದ ಪೈಪು ಅದಕ್ಕಿಂತ ಕೆಟ್ಟದ್ದು. ನಾಲ್ಕು ಕಡೆ ಕ್ಲಿಪ್ ಹಾಕುವ, ರಬ್ಬರ್ ಪಟ್ಟಿಯಿರುವ, ಒಳಗಿನದೆಲ್ಲ ಕಾಣುವ ಪಾರದರ್ಶಕ ಡಬ್ಬಿ, 300ರಿಂದ 500 ಮಿಲಿ ಅಳತೆಯದು ಸಾಕು. ಕಾಣುವಂತಿದ್ದರೆ ತೆರೆಯುವ ಮೊದಲೇ ಅರ್ಧ ಅನುಮಾನ ಹೋಗುತ್ತದೆ. ಚಿಕ್ಕದು ಬೇಕೆಂದರೆ ಸೋಡಾ ಬಾಟಲಿಯಾಗಿ ಊದುವ ಮೊದಲಿನ ಪೆಟ್ ಪ್ರಿಫಾರ್ಮ್ ಕೊಳವೆ ನೀರಿಗೆ ಬಗ್ಗದು, ಆದರೆ ಅದರಲ್ಲಿ ಸುರುಳಿ ಕಾಗದ ಮಾತ್ರ ಹಿಡಿಯುತ್ತದೆ.

ಹೊರಗೆ ಅಂಟಿಸುವ ಚೀಟಿ ಕನ್ನಡದಲ್ಲಿ, ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ ಇರಲಿ. ಮುಳಬಾಗಿಲು, ಶ್ರೀನಿವಾಸಪುರ, ಬಾಗೇಪಲ್ಲಿ ಕಡೆ ತೆಲುಗು ಇಲ್ಲದೆ ಕೆಲಸವಾಗುವುದಿಲ್ಲ. 'ಇದು ಆಟದ ಡಬ್ಬಿ. ಒಳಗೆ ಪುಸ್ತಕ ಮತ್ತು ಪೆನ್ಸಿಲ್ ಇದೆ. ಬೆಲೆಬಾಳುವುದೇನೂ ಇಲ್ಲ. ನೋಡಿ, ಇದ್ದಲ್ಲೇ ಇಡಿ' ಎಂದು ಬರೆದು ಫೋನ್ ನಂಬರ್ ಹಾಕಿ. ಚೀಟಿಯನ್ನು ಒಳಗಿನಿಂದ ಹೊರಮುಖವಾಗಿ ಅಂಟಿಸಿದರೆ ಮಳೆಗೆ ಹೋಗದು.

ಒಳಗೆ ಅಂಗೈಯಗಲದ ಪುಸ್ತಕ, ಅದಕ್ಕೊಂದು ಜಿಪ್ ಕವರ್, ಮೊಂಡು ಪೆನ್ಸಿಲ್, ಒಂದು ಸಿಲಿಕಾ ಜೆಲ್ ಪೊಟ್ಟಣ. ಪೆನ್ನು ಬೇಡ: ಜೆಲ್ ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಬಾಲ್ ಪೆನ್ನು ಏಪ್ರಿಲ್ ಬಿಸಿಲಿಗೆ ಸೋರುತ್ತದೆ. ವಿನಿಮಯಕ್ಕೆಂದು ಇಡುವ ವಸ್ತುಗಳಲ್ಲಿ ತಿಂಡಿ ಇರಬಾರದು, ಅಂತರಗಂಗೆ, ನಂದಿಬೆಟ್ಟದಂಥ ಕಡೆ ಕೋತಿ ಐದು ನಿಮಿಷದಲ್ಲಿ ಡಬ್ಬಿ ಬಿಚ್ಚುತ್ತದೆ. ನಾಣ್ಯವನ್ನಂತೂ ಹಾಕಲೇಬೇಡಿ. ಬೇರೆ ದೇಶದ ಒಂದು ನಾಣ್ಯ ಸಿಕ್ಕಿತೆಂದರೆ ಊರಲ್ಲಿ ಅದು ಒಂದು ವಾರದಲ್ಲಿ ಬಂಗಾರದ ವರಹವಾಗುತ್ತದೆ, ಆಮೇಲೆ ಅಗೆಯುವುದು ವೀರಗಲ್ಲಿನ ಬುಡವನ್ನು.

ಒಳಗೆ ನೀರು ಸೇರುವುದಕ್ಕೆ ಕಾರಣ ಬಹಳ ಸಲ ಮಳೆಯಲ್ಲ, ರಬ್ಬರ್ ಪಟ್ಟಿಯ ಮೇಲೆ ಕೂತ ಮರಳಿನ ಕಣ. ಅದನ್ನು ಬೆರಳಿನಿಂದ ಒರೆಸಿ ಮುಚ್ಚಿ. ಜಿಪ್ ಕವರಿನ ತುದಿ ಮುಚ್ಚಳಕ್ಕೆ ಸಿಕ್ಕಿಕೊಂಡರೂ ಅದೇ ದಾರಿಯಲ್ಲಿ ನೀರು ಒಳಗಿಳಿಯುತ್ತದೆ.

ಜಾಗದ ವಿಚಾರದಲ್ಲಿ ನಮ್ಮ ಕಡೆಯ ಮೂರು ಆಸೆಗಳನ್ನು ತಡೆದುಕೊಳ್ಳಬೇಕು. ಕೆರೆ ಏರಿಯ ಕಲ್ಲುಕಟ್ಟಣೆ ನೋಡಿದರೆ ಸಾವಿರ ಸಂದಿ. ಅಲ್ಲಿಟ್ಟರೆ ಹುಡುಕುವವರು ಕಲ್ಲು ಕೀಳುತ್ತಾರೆ, ಏರಿ ಸಡಿಲಾಗುತ್ತದೆ. ತೂಬು, ಕೋಡಿಯೂ ಹಾಗೆಯೇ. ಹೊಲದ ಕಲ್ಲುಗೋಡೆಯಲ್ಲಿ ಇಟ್ಟರೆ ಗೋಡೆ ಬೀಳುತ್ತದೆ. ನೀಲಗಿರಿ ತೋಪು ಸುಲಭ ಜಾಗ, ಆದರೆ ಕೆಲವೇ ವರ್ಷಕ್ಕೊಮ್ಮೆ ಕಡಿಯುತ್ತಾರೆ, ಆ ದಿನ ಡಬ್ಬಿಯೂ ಲಾರಿ ಹತ್ತುತ್ತದೆ. ಹೊಂಗೆ ಅಥವಾ ಹುಣಸೆಯ ಬುಡದ ಬೇರುಗಳ ನಡುವೆ, ನೆಲದಿಂದ ಒಂದಡಿ ಮೇಲೆ, ಒಂದೇ ಒಂದು ಚಪ್ಪಟೆ ಕಲ್ಲನ್ನು ಅಡ್ಡ ಇಟ್ಟ ಜಾಗ ಬಹುಕಾಲ ಉಳಿಯುತ್ತದೆ. ಮರಕ್ಕೆ ಮೊಳೆ ಹೊಡೆಯಬೇಡಿ.

ಹುಡುಕಲು ಬಂದವರಿಗೆ

ಹಗಲಿನಲ್ಲೇ ಬನ್ನಿ. ಅಮಾವಾಸ್ಯೆ, ಹುಣ್ಣಿಮೆಯ ಸಂಜೆಗಳಲ್ಲಿ ವೀರಗಲ್ಲಿನ ಹತ್ತಿರ ಟಾರ್ಚ್ ಹಿಡಿದು ನಿಂತರೆ ಏನೆಂದುಕೊಳ್ಳುತ್ತಾರೆಂದು ಮತ್ತೆ ಹೇಳಬೇಕಿಲ್ಲ. ಊರಿನ ಅಂಗಡಿ ಮುಂದೆ ಗಾಡಿ ನಿಲ್ಲಿಸಿ, ಇಂಥ ಕಡೆ ಹೋಗುತ್ತಿದ್ದೇವೆಂದು ಹೇಳಿ ಹೋಗಿ. ಕಲ್ಲಿನ ಮುಂದೆ ಚಪ್ಪಲಿ ಬಿಡಿ, ಕಲ್ಲಿಗೆ ಒರಗಬೇಡಿ, ಅದರ ಮೇಲೆ ಚೀಲ ಇಡಬೇಡಿ. ಉಚಿತ ಖಾತೆಯಲ್ಲಿ ಆ್ಯಪ್ ಕೆಲವು ಬಗೆಯ ಡಬ್ಬಿಗಳನ್ನು ತೋರಿಸುವುದಿಲ್ಲ. ಡಬ್ಬಿಯ ಪುಟವನ್ನು ಮನೆಯಲ್ಲೇ ವೆಬ್‌ಸೈಟಿನಲ್ಲಿ ನೋಡಿ, ಪ್ರಶ್ನೆಗಳನ್ನು ಕಾಗದಕ್ಕೆ ಬರೆದುಕೊಂಡು ಬನ್ನಿ. ಬಂಡೆಗಳ ಮರೆಯಲ್ಲಿ ನೆಟ್‌ವರ್ಕ್ ಕೈಕೊಡುವುದು ಸಾಮಾನ್ಯ.

ಲೆಕ್ಕ ಹಾಕಿದ ಸ್ಥಾನಕ್ಕೆ ಹತ್ತು ಮೀಟರ್ ಉಳಿದಾಗ ಫೋನ್ ಜೇಬಿಗಿಡಿ. ಅಲ್ಲಿಂದ ಮುಂದೆ ಬಾಣದ ಗುರುತು ಆ ಕಡೆ ಈ ಕಡೆ ಓಡಾಡುತ್ತದೆ, ಅದರ ಹಿಂದೆ ಓಡಿದರೆ ಸುತ್ತುವುದೇ ಆಗುತ್ತದೆ. ನಿಂತು ನೋಡಿ: ಮಳೆ ಗಾಳಿ ತಂದಿಡಲಾರದ ಹಾಗೆ ಕೂತ ಕಲ್ಲು ಯಾವುದು, ಬೇರಿನ ಬಣ್ಣಕ್ಕೆ ಹೊಂದದ್ದು ಯಾವುದು. ಕೈ ಹಾಕುವ ಮುಂಚೆ ಉದ್ದನೆಯ ಕೋಲಿನಿಂದ ತಟ್ಟಿ, ಕಲ್ಲಿನ ಅಡಿಯ ಸಂದಿ ನಿಮ್ಮ ಕಡೆಗೆ ತೆರೆಯದಂತೆ ಅದರ ಆಚೆ ಬದಿಯನ್ನು ಮೇಲೆತ್ತಿ. ಚೇಳು, ಮಂಡಲದ ಹಾವು, ಗರಗಸ ಮಂಡಲ ಇರುವುದು ಇಂಥ ಕಲ್ಲಿನ ಕೆಳಗೇ. ಹುತ್ತದ ಹತ್ತಿರ ಹೋಗುವ ಅಗತ್ಯವೇ ಇಲ್ಲ, ಅಲ್ಲಿ ಯಾರೂ ಡಬ್ಬಿ ಇಡಬಾರದು. ಬಂಡೆಯ ಮೇಲ್ಭಾಗದಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ಹಿಂದಿರುಗಿ. ಇಪ್ಪತ್ತು ನಿಮಿಷ ಹುಡುಕಿಯೂ ಸಿಗದಿದ್ದರೆ ಎಣಿಕೆಯನ್ನು ಮತ್ತೆ ತಾಳೆ ನೋಡಿ. ಅದು ಸರಿಯಿದ್ದರೆ ಸಿಗಲಿಲ್ಲವೆಂದು ಪುಟದಲ್ಲಿ ದಾಖಲಿಸಿ. ಆ ದಾಖಲೆಯಿಂದಲೇ ಇಟ್ಟವರಿಗೆ ಡಬ್ಬಿ ಹೋಗಿದೆಯೆಂದು ತಿಳಿಯುವುದು. ಉತ್ತರದ ಎಣಿಕೆ ಕಾಣುವಂಥ ಫೋಟೋವನ್ನು ಪುಟಕ್ಕೆ ಹಾಕಬೇಡಿ.

ವಿದುರಾಶ್ವತ್ಥ, ಮತ್ತು ಇತ್ತೀಚಿನ ಹುತಾತ್ಮರು

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಹಿಡಿದು ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ರಣರಂಗವಲ್ಲದಿದ್ದರೂ ಈ ಜಿಲ್ಲೆಗಳಲ್ಲಿ ಅದಕ್ಕಿಂತ ದೊಡ್ಡ ಹುತಾತ್ಮರ ನೆಲ ಬೇರೆಯಿಲ್ಲ. ಇಂಥ ಕಡೆ ದಿನಾಂಕವನ್ನೇ ಸೂತ್ರಕ್ಕೆ ಬಳಸುವ ಆಸೆ ಬರುತ್ತದೆ: 2, 5, 4, 1, 9, 3, 8. ದಿನಾಂಕ ಎಲ್ಲ ಕಡೆ ಸಿಗುತ್ತದೆ, ಸ್ಮಾರಕಕ್ಕೆ ಬಾರದೆಯೇ ಜನ ನೇರವಾಗಿ ಡಬ್ಬಿಗೆ ಹೋಗುತ್ತಾರೆ. ದಿನಾಂಕದ ಅಂಕಿಗಳ ಜೊತೆ ಅಲ್ಲಿ ನಿಂತು ಮಾತ್ರ ಎಣಿಸಬಹುದಾದ ಒಂದನ್ನು ಬೆರೆಸಿ. ಅಲ್ಲಿನ ನಾಗರಕಲ್ಲುಗಳನ್ನು ಎಣಿಸಲು ಹೇಳಬೇಡಿ. ಹರಕೆಯವರು ಹೊಸದನ್ನು ನೆಡುತ್ತಲೇ ಇರುತ್ತಾರೆ, ಪೂಜೆಯವರ ನಡುವೆ ನುಗ್ಗುವುದೂ ಸರಿಯಲ್ಲ. ಪುಟದ ಬರಹದಲ್ಲಿ ನಡೆದದ್ದನ್ನು ನೇರವಾಗಿ ಬರೆಯಿರಿ, ಇಂದಿನ ಪಕ್ಷಗಳ ಮಾತು ಬೇಡ. ರಾಜಕೀಯ, ಧರ್ಮಪ್ರಚಾರ, ವ್ಯಾಪಾರದ ಬರಹವಿದ್ದರೆ ವೆಬ್‌ಸೈಟಿನ ಪರಿಶೀಲಕರು ಪುಟವನ್ನು ತಡೆಹಿಡಿಯುತ್ತಾರೆ.

ಊರ ಬಾಗಿಲಲ್ಲಿ ಇತ್ತೀಚೆಗೆ ನಿಂತ ಯೋಧರ ಪ್ರತಿಮೆಗಳ ವಿಷಯ ಇನ್ನೂ ಸೂಕ್ಷ್ಮ. ಆ ಯೋಧನ ತಾಯಿ, ಹೆಂಡತಿ ಅದೇ ಬೀದಿಯಲ್ಲಿದ್ದಾರೆ. ಪಂಚಾಯಿತಿಯ ಮೊಹರಿಗಿಂತ ಮೊದಲು ಆ ಮನೆಯ ಒಪ್ಪಿಗೆ ಬೇಕು, ಪುಟದಲ್ಲಿ ಏನು ಬರೆಯುತ್ತೀರೆಂದು ಅವರಿಗೆ ಓದಿ ಹೇಳಬೇಕು. ಜನವರಿ 30, ಜುಲೈ 26, ಆಗಸ್ಟ್ 15, ಡಿಸೆಂಬರ್ 16, ಆ ಯೋಧ ತೀರಿಕೊಂಡ ದಿನ, ಈ ದಿನಗಳಲ್ಲಿ ಹುಡುಕಲು ಬರಬೇಡಿ ಎಂದು ಪುಟದ ಮೊದಲ ಸಾಲಿನಲ್ಲೇ ಬರೆಯಿರಿ.

ಇಟ್ಟಮೇಲೆ

ಮೊದಲ ತಿಂಗಳಲ್ಲಿ ಎರಡು ಸಲ, ಆಮೇಲೆ ಮೂರು ತಿಂಗಳಿಗೊಮ್ಮೆ ಹೋಗಿ ನೋಡಿ. ಕೋಲಾರ ಕಡೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಆಗಸ್ಟ್ ಕೊನೆಗೆ ರಬ್ಬರ್ ಪಟ್ಟಿ ಪರೀಕ್ಷಿಸಿ, ನವೆಂಬರಿನಲ್ಲಿ ಸಿಲಿಕಾ ಪೊಟ್ಟಣ ಬದಲಿಸಿ, ತೊಯ್ದ ಪುಸ್ತಕ ತೆಗೆದು ಹೊಸದಿಡಿ. ಹೋದಾಗಲೆಲ್ಲ ಕಲ್ಲಿನ ಬುಡವನ್ನೂ ನೋಡಿ. ಹೊಸ ಮಣ್ಣು, ತುಳಿದ ಹುಲ್ಲು, ಸರಿದ ಕಟ್ಟೆ ಕಂಡರೆ ಅದು ಡಬ್ಬಿ ಹುಡುಕುವವರದೋ ನಿಧಿಗಳ್ಳರದೋ ಎಂದು ಯೋಚಿಸುತ್ತ ಕೂರದೆ ಪುಟವನ್ನು ಅವತ್ತೇ ತಾತ್ಕಾಲಿಕವಾಗಿ ಮುಚ್ಚಿ, ಊರಿನವರಿಗೂ ಠಾಣೆಗೂ ತಿಳಿಸಿ.

ನೋಡಿಕೊಳ್ಳಲು ಆಗದ ದಿನ ಬಂದರೆ ಪುಟವನ್ನು ಆರ್ಕೈವ್ ಮಾಡುವ, ಅಂದರೆ ಕಾಯಂ ಮುಚ್ಚುವ, ಮುಂಚೆ ಹೋಗಿ ಡಬ್ಬಿ ತೆಗೆದುಕೊಂಡು ಬನ್ನಿ, ಅಡ್ಡ ಇಟ್ಟಿದ್ದ ಚಪ್ಪಟೆ ಕಲ್ಲನ್ನು ಇದ್ದಲ್ಲಿಗೆ ಇಡಿ. ಪಿಡಿಓ ಕಚೇರಿಯ ಪತ್ರದ ಮೇಲೆ ತೆಗೆದ ದಿನಾಂಕ ಬರೆಸಿ. ಕಲ್ಲಿನ ಎದುರು ಮನೆಯ ತಾತನಿಗೆ ಹೇಳುವುದನ್ನು ಮರೆಯಬೇಡಿ; ಇಲ್ಲದಿದ್ದರೆ ಅವರು ಬಂದವರಿಗೆಲ್ಲ ದಾರಿ ತೋರಿಸುತ್ತಲೇ ಇರುತ್ತಾರೆ.